ಎಸ್‌ಡಿಬಿ ಎಂಬುದು ಡಿಸ್ಕಿನ ಹೆಸರಲ್ಲ, ಸರದಿ ಚೀಟಿ

ಲಿನಕ್ಸ್ ಸರ್ವರ್ ನೋಡಿಕೊಳ್ಳುವವರಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಯಂತ್ರಕ್ಕೆ ಜೋಡಿಸಿದ ಮೊದಲ ಡಿಸ್ಕ್ ‘ಎಸ್‌ಡಿಎ’, ಎರಡನೆಯದು ‘ಎಸ್‌ಡಿಬಿ’, ಮೂರನೆಯದು ‘ಎಸ್‌ಡಿಸಿ’. ಒಮ್ಮೆ ಬಂದ ಹೆಸರು ಆ ಡಿಸ್ಕಿಗೆ ಕಾಯಂ. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ, ಇದು ನಿಜವೆಂಬಂತೆಯೇ ನಡೆದುಕೊಂಡು ಹೋಗುತ್ತದೆ. ಆಮೇಲೆ ಒಂದು ಸಂಜೆ ಕರೆಂಟ್ ಹೋಗಿ ಬರುತ್ತದೆ, ಸರ್ವರ್ ಮತ್ತೆ ಶುರುವಾಗುತ್ತದೆ, ನಿನ್ನೆಯವರೆಗೆ ಎಸ್‌ಡಿಬಿ ಆಗಿದ್ದದ್ದು ಇವತ್ತು ಎಸ್‌ಡಿಸಿ ಆಗಿ ಕೂತಿರುತ್ತದೆ.

ಒಂದೇ ಕಂಪ್ಯೂಟರ್ ಇದ್ದ ಕಡೆ ಇದು ಅರ್ಧ ದಿನದ ತಲೆನೋವು. ಆದರೆ ಎರಡು–ಮೂರು ಸರ್ವರ್‌ಗಳು ಸೇರಿ ಒಂದೇ ಸ್ಟೋರೇಜ್ ಪೆಟ್ಟಿಗೆಯನ್ನು ಹಂಚಿಕೊಂಡಿದ್ದರೆ, ಅಂದರೆ ಅದು ಕ್ಲಸ್ಟರ್ ಆಗಿದ್ದರೆ, ತಪ್ಪು ಡಿಸ್ಕಿಗೆ ಬಿದ್ದ ಒಂದು ಆಜ್ಞೆ ಪಕ್ಕದ ಸರ್ವರ್ ಆಗಷ್ಟೇ ಬರೆಯುತ್ತಿದ್ದ ಮಾಹಿತಿಯನ್ನೂ ಅಳಿಸಿಹಾಕಬಹುದು. ಆಸ್ಪತ್ರೆಯ ಸ್ಕ್ಯಾನ್‌ಗಳು, ಬ್ಯಾಂಕಿನ ಲೆಕ್ಕ, ವಿಶ್ವವಿದ್ಯಾಲಯದ ಅಂಕಪಟ್ಟಿ ಇಂಥ ಪೆಟ್ಟಿಗೆಗಳಲ್ಲೇ ಇರುತ್ತವೆ. ನೀವು ಎಂದೂ ಸರ್ವರ್ ಮುಟ್ಟದವರಾದರೂ ಅದರೊಳಗಿನ ಎಕ್ಸ್‌ರೇ ನಿಮ್ಮದಾಗಿರಬಹುದು.

ಹೆಸರು ಕೊಡುವವರು ಯಾರು?

ಲೆಕ್ಕಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಗದಗ-ಬೆಟಗೇರಿಯಲ್ಲಿ ಒಂದು ಆಸ್ಪತ್ರೆ ಇದೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಲ್ಲಿ ಅದರ ಸಣ್ಣ ಕೇಂದ್ರಗಳಿವೆ. ಎಲ್ಲ ಕಡೆಯ ಎಕ್ಸ್‌ರೇಗಳೂ ಗದಗದ ಒಂದು ಕೋಣೆಗೆ ಬರುತ್ತವೆ. ಅಲ್ಲಿ ಎರಡು ಸರ್ವರ್, ಒಂದು ಸ್ಟೋರೇಜ್ ಪೆಟ್ಟಿಗೆ. ಒಂದು ಸರ್ವರ್ ಕೆಟ್ಟರೂ ಇನ್ನೊಂದು ಕೆಲಸ ಮುಂದುವರಿಸಲಿ ಎಂದು ಎರಡಕ್ಕೂ ಆ ಪೆಟ್ಟಿಗೆಯಿಂದ ಕೇಬಲ್ ಎಳೆದಿದ್ದಾರೆ. ಇಲ್ಲಿ ಕ್ಲಸ್ಟರ್ ಅಂದರೆ ಆ ಕೋಣೆಯೊಳಗಿನ ಎರಡು ಯಂತ್ರಗಳು ಮಾತ್ರ; ಮುಂಡರಗಿಯ ಕಂಪ್ಯೂಟರ್ ನೆಟ್‌ವರ್ಕ್ ಮೂಲಕ ಅವುಗಳನ್ನು ಕೇಳಿ ಚಿತ್ರ ಪಡೆಯುತ್ತದೆ, ಡಿಸ್ಕನ್ನು ನೇರವಾಗಿ ಮುಟ್ಟುವುದಿಲ್ಲ.

ವಿಂಡೋಸ್‌ನಲ್ಲಿ ಡಿಸ್ಕ್‌ಗಳು ಸಿ, ಡಿ, ಇ ಎಂದು ಬೇರೆಬೇರೆಯಾಗಿ ಕಾಣುತ್ತವೆ. ಲಿನಕ್ಸ್‌ನಲ್ಲಿ ಹಾಗಿಲ್ಲ. ಡಿಸ್ಕನ್ನು ಒಂದು ಫೋಲ್ಡರ್‌ಗೆ ಜೋಡಿಸಬೇಕು. ಆಮೇಲೆ ಆ ಫೋಲ್ಡರ್ ತೆರೆದರೆ ಡಿಸ್ಕಿನ ಒಳಗಿರುವುದು ಕಾಣುತ್ತದೆ. ಈ ಜೋಡಣೆಗೆ ಮೌಂಟ್ ಎನ್ನುತ್ತಾರೆ. ಯಾವ ಡಿಸ್ಕ್ ಯಾವ ಫೋಲ್ಡರ್‌ಗೆ ಎಂಬ ಪಟ್ಟಿ ‘ಎಫ್‌ಎಸ್‌ಟ್ಯಾಬ್’ ಎಂಬ ಸಣ್ಣ ಕಡತದಲ್ಲಿರುತ್ತದೆ. ಯಂತ್ರ ಶುರುವಾದಾಗಲೆಲ್ಲ ಅದನ್ನು ಓದಿಕೊಂಡು ಜೋಡಣೆ ನಡೆಯುತ್ತದೆ.

ಆ ಪಟ್ಟಿಯಲ್ಲಿ ‘ಎಸ್‌ಡಿಬಿ’ ಎಂದು ಬರೆದಿದ್ದರೆ ಅದರ ಅರ್ಥವೇನು? ಲಿನಕ್ಸಿನ ತಿರುಳಾದ ಕರ್ನಲ್, ಯಂತ್ರ ಶುರುವಾಗುವಾಗ ಜೋಡಣೆಯಾಗಿರುವ ಡಿಸ್ಕ್‌ಗಳನ್ನು ಹುಡುಕುತ್ತದೆ. ಮೊದಲು ಕೈಗೆ ಸಿಕ್ಕಿದ್ದಕ್ಕೆ ಎಸ್‌ಡಿಎ, ಆಮೇಲೆ ಸಿಕ್ಕಿದ್ದಕ್ಕೆ ಎಸ್‌ಡಿಬಿ. ಎಸ್‌ಡಿಝೆಡ್ ಮುಗಿದ ಮೇಲೆ ಎಸ್‌ಡಿಎಎ. ಅಷ್ಟೇ. ಡಿಸ್ಕಿನ ಕಂಪನಿ, ಗಾತ್ರ, ಒಳಗಿರುವ ವಿಷಯ ಯಾವುದಕ್ಕೂ ಈ ಅಕ್ಷರಗಳಿಗೂ ಸಂಬಂಧವಿಲ್ಲ.

ದವಾಖಾನೆಗೆ ಹೋದಾಗ ಕೌಂಟರಿನಲ್ಲಿ ಕೊಡುವ ಸರದಿ ಚೀಟಿ ನೆನಪಿಸಿಕೊಳ್ಳಿ. ಇವತ್ತು ನಿಮ್ಮ ನಂಬರ್ 3. ನಾಳೆ 3 ಬೇರೆ ಯಾರದೋ. ದಿನಾ ಬೆಳಿಗ್ಗೆ ಅದೇ ನಾಲ್ಕು ಜನ ಅದೇ ಬಸ್ಸಿಗೆ ಬಂದು ಅದೇ ಸಾಲಿನಲ್ಲಿ ನಿಂತರೆ ಚೀಟಿ ನಂಬರೇ ಅವರ ಗುರುತು ಎಂದು ಕಾಂಪೌಂಡರಿಗೆ ಅನಿಸತೊಡಗಬಹುದು. ಅದನ್ನು ನಂಬಿ ‘3ನೇ ನಂಬರಿನವರಿಗೆ ಇಂಜೆಕ್ಷನ್’ ಎಂದು ಕೇಸ್ ಪೇಪರ್‌ನಲ್ಲಿ ಬರೆದರೆ, ಬಸ್ ತಡವಾದ ದಿನ ಏನಾಗುತ್ತದೆ ಎಂದು ಹೇಳಬೇಕಿಲ್ಲ. ಸಂವಹನ ಓದಿದ ನನಗೆ ಇದರಲ್ಲಿ ಅರ್ಧ ತಪ್ಪು ಭಾಷೆಯದ್ದೇ ಅನಿಸುತ್ತದೆ. ಚೀಟಿಯನ್ನು ‘ಡಿವೈಸ್ ನೇಮ್’ ಎಂದು ಕರೆದುಬಿಟ್ಟರು. ಹೆಸರು ಅಂದ ಮೇಲೆ ಅದು ಬದಲಾಗದು ಎಂದು ಯಾರಾದರೂ ಭಾವಿಸುತ್ತಾರೆ.

ಸಾಲು ಏಕೆ ಬದಲಾಗುತ್ತದೆ? ಕರ್ನಲ್ ಈಗ ಡಿಸ್ಕ್‌ಗಳನ್ನು ಒಂದಾದ ಮೇಲೊಂದರಂತೆ ಕಾಯುತ್ತ ಕೂರುವುದಿಲ್ಲ; ಶುರುವಾಗುವ ವೇಳೆ ಉಳಿಸಲು ಹಲವನ್ನು ಒಟ್ಟಿಗೇ ವಿಚಾರಿಸುತ್ತದೆ. ಯಾವುದು ಮೊದಲು ಉತ್ತರ ಕೊಡುತ್ತದೋ ಅದಕ್ಕೆ ಮೊದಲ ಚೀಟಿ. ಹೊಸ ಡಿಸ್ಕ್ ಹಾಕಿದರೆ, ಹಳೆಯದೊಂದು ಕೆಟ್ಟರೆ, ಕೇಬಲ್ ಅದಲುಬದಲಾದರೆ, ಯಾರೋ ಪೆನ್‌ಡ್ರೈವ್ ಚುಚ್ಚಿಟ್ಟು ಮರೆತಿದ್ದರೂ ಸಾಲು ಕದಲಬಹುದು. ಕರೆಂಟ್ ಹೋಗಿ ಬಂದಾಗ ಅಪಾಯ ಇನ್ನೂ ಹೆಚ್ಚು. ಸರ್ವರ್‌ಗಳೂ ಸ್ಟೋರೇಜ್ ಪೆಟ್ಟಿಗೆಯೂ ಒಟ್ಟಿಗೇ ಏಳುತ್ತವೆ. ಪೆಟ್ಟಿಗೆ ತನ್ನ ಡಿಸ್ಕ್‌ಗಳನ್ನೆಲ್ಲ ಪರೀಕ್ಷಿಸಿಕೊಂಡು ಸಿದ್ಧವಾಗುವಷ್ಟರಲ್ಲಿ ಸರ್ವರ್ ಹಾಜರಿ ಮುಗಿಸಿರುತ್ತದೆ.

ಇದು ಹೊಸ ಸಮಸ್ಯೆಯೇನಲ್ಲ. ಹಿಂದೆ ಐಡಿಇ ಡಿಸ್ಕ್‌ಗಳಿಗೆ ‘ಎಚ್‌ಡಿಎ’ ಎಂಬಂಥ ಹೆಸರಿತ್ತು. 2006–07ರ ಸುಮಾರಿಗೆ ಕರ್ನಲ್‌ನಲ್ಲಿ ಚಾಲಕ ತಂತ್ರಾಂಶ ಬದಲಾಗಿ ಅವೂ ‘ಎಸ್‌ಡಿ’ ಸಾಲಿಗೆ ಬಂದವು. ಹಳೆಯ ಹೆಸರು ನಂಬಿಕೊಂಡಿದ್ದ ಯಂತ್ರಗಳು ಶುರುವಾಗದೆ ನಿಲ್ಲುವ ಭಯ ಎದುರಾಯಿತು. 2006ರ ಅಕ್ಟೋಬರಿನಲ್ಲಿ ಬಂದ ಉಬುಂಟು 6.10 ತನ್ನ ಎಫ್‌ಎಸ್‌ಟ್ಯಾಬ್‌ನಲ್ಲಿ ಈ ಹೆಸರುಗಳ ಬದಲು ಉದ್ದನೆಯ ಗುರುತಿನ ಸಂಖ್ಯೆ ಬಳಸಲು ಶುರುಮಾಡಿತು. ಆ ಸಂಖ್ಯೆಯ ಮಾತಿಗೆ ಬರುವ ಮೊದಲು ಕ್ಲಸ್ಟರಿನ ಇನ್ನೊಂದು ತೊಡಕು ನೋಡಬೇಕು.

ಒಂದೇ ಡಿಸ್ಕ್, ನಾಲ್ಕು ಹೆಸರು

ನಮ್ಮ ಆಸ್ಪತ್ರೆಯಲ್ಲಿ ಒಂದು ಕೇಬಲ್ ಕಿತ್ತರೂ ಕೆಲಸ ನಿಲ್ಲಬಾರದು. ಅದಕ್ಕೆ ಪ್ರತಿ ಸರ್ವರ್‌ಗೆ ಎರಡು ಕಾರ್ಡ್, ಪೆಟ್ಟಿಗೆಗೂ ಎರಡು ನಿಯಂತ್ರಕ. ಎರಡೆರಡು ನಾಲ್ಕು ದಾರಿ. ಪೆಟ್ಟಿಗೆಯೊಳಗಿನ ಒಂದೇ ಜಾಗವನ್ನು ಸರ್ವರ್ ನಾಲ್ಕು ದಾರಿಯಿಂದ ಕಾಣುತ್ತದೆ, ನಾಲ್ಕು ಬೇರೆ ಡಿಸ್ಕ್ ಎಂದು ತಿಳಿದು ನಾಲ್ಕು ಚೀಟಿ ಕೊಡುತ್ತದೆ. ಲಕ್ಷ್ಮೇಶ್ವರದಿಂದ ಗದಗಕ್ಕೆ ಎರಡು ದಾರಿಯಲ್ಲಿ ಬಂದವನು ಎರಡು ಗದಗ ಇವೆ ಎಂದುಕೊಂಡ ಹಾಗೆ.

ಇದನ್ನು ಸರಿಪಡಿಸುವುದು ಮಲ್ಟಿಪಾತ್ ಎಂಬ ಪದರ. ಅದು ಪ್ರತಿ ದಾರಿಯಲ್ಲೂ ‘ನಿನ್ನ ನಿಜವಾದ ಗುರುತೇನು’ ಎಂದು ಕೇಳಿ, ಒಂದೇ ಉತ್ತರ ಕೊಟ್ಟ ನಾಲ್ಕನ್ನೂ ಕಟ್ಟಿ ಒಂದು ಡಿಸ್ಕ್ ಮಾಡಿ ತೋರಿಸುತ್ತದೆ. ಅದಕ್ಕೆ ‘ಎಂಪಾತ್ಎ’, ‘ಎಂಪಾತ್‌ಬಿ’ ಎಂದು ಹೆಸರನ್ನೂ ಕೊಡಬಲ್ಲದು. ಈ ಹೆಸರು ಯಂತ್ರ ಮತ್ತೆ ಶುರುವಾದರೂ ಉಳಿಯುತ್ತದೆ, ಏಕೆಂದರೆ ಯಾವ ಗುರುತಿಗೆ ಯಾವ ಹೆಸರು ಎಂದು ಸರ್ವರ್ ಒಂದು ಕಡತದಲ್ಲಿ ಬರೆದಿಟ್ಟುಕೊಳ್ಳುತ್ತದೆ.

ಬಹಳ ಜನ ಎಡವುವುದು ಇಲ್ಲೇ. ಆ ಕಡತ ಪ್ರತಿ ಸರ್ವರ್‌ನಲ್ಲೂ ಬೇರೆಬೇರೆ. ಮೊದಲ ಸರ್ವರ್ ಎಂಪಾತ್ಎ ಎಂದದ್ದನ್ನು ಎರಡನೆಯದು ಎಂಪಾತ್‌ಬಿ ಎನ್ನಬಹುದು. ಒಂದೊಂದೇ ನೋಡಿದರೆ ಎರಡೂ ಸರಿ, ಸ್ಥಿರ. ಒಟ್ಟಿಗೆ ನೋಡಿದರೆ ಅಪಾಯ. ಎಂಜಿನಿಯರ್ ಮೊದಲ ಸರ್ವರ್‌ನಲ್ಲಿ ನೋಡಿ ‘ಎಂಪಾತ್‌ಬಿ ಖಾಲಿ ಇದೆ’ ಎಂದು ಬರೆದುಕೊಂಡು, ಎರಡನೆಯದರಲ್ಲಿ ಕೂತು ಎಂಪಾತ್‌ಬಿ ಫಾರ್ಮ್ಯಾಟ್ ಮಾಡಿದರೆ ಹೋಗುವುದು ಎಕ್ಸ್‌ರೇಗಳ ಡಿಸ್ಕ್. ಫಾರ್ಮ್ಯಾಟ್ ಮಾಡುವ ಸಾಮಾನ್ಯ ಉಪಕರಣ, ಈ ಯಂತ್ರದಲ್ಲಿ ಡಿಸ್ಕ್ ಮೌಂಟ್ ಆಗಿದೆಯೇ ಎಂದು ನೋಡುತ್ತದೆ. ಪಕ್ಕದ ಯಂತ್ರದಲ್ಲಿ ಆಗಿರುವುದು ಅದಕ್ಕೆ ಗೊತ್ತಾಗದು. ಒಳಗೆ ಹಳೆಯ ಮಾಹಿತಿ ಇದೆ, ಮುಂದುವರಿಯಲೇ ಎಂದು ಅದು ಕೇಳಿದರೂ ‘ಹೌದು’ ಒತ್ತುವ ಕೈಗೆ ಅಭ್ಯಾಸಬಲ ಇರುತ್ತದೆ. ಪರಿಹಾರ ಸರಳ: ಮಲ್ಟಿಪಾತ್ ಸಂರಚನೆಯಲ್ಲಿ ಡಿಸ್ಕಿನ ಗುರುತಿನ ಸಂಖ್ಯೆಗೆ ನೀವೇ ಒಂದು ಅಡ್ಡಹೆಸರು ಕೊಟ್ಟು, ಅದೇ ಸಾಲನ್ನು ಎಲ್ಲ ಸರ್ವರ್‌ಗಳಲ್ಲೂ ಇಡಬೇಕು. ಇಲ್ಲವೆ ಹೆಸರಿನ ಆ ಕಡತವನ್ನೇ ಎಲ್ಲ ಕಡೆ ನಕಲು ಮಾಡಿಡಬೇಕು.

ನಿಜವಾದ ಗುರುತು ಎಲ್ಲಿರುತ್ತದೆ?

ಹುಬ್ಬಳ್ಳಿ ರೈಲು ನಿಲ್ದಾಣದ ಫಲಕ ನೋಡಿ. 2014ರಲ್ಲಿ ಊರಿನ ಇಂಗ್ಲಿಷ್ ಹೆಸರು ಹುಬ್ಳಿಯಿಂದ ಹುಬ್ಬಳ್ಳಿಯಾಯಿತು. 2020ರಲ್ಲಿ ನಿಲ್ದಾಣಕ್ಕೆ ಶ್ರೀ ಸಿದ್ಧಾರೂಢ ಸ್ವಾಮೀಜಿಯವರ ಹೆಸರು ಬಂತು. ರೈಲ್ವೆ ಕೋಡ್ ಮಾತ್ರ ‘ಯುಬಿಎಲ್’ ಆಗಿಯೇ ಉಳಿಯಿತು. ಫಲಕ ಎಷ್ಟು ಸಲ ಬದಲಾದರೂ ಗದಗದಿಂದ ತೆಗೆದ ಟಿಕೆಟ್ ಬೇರೆ ಊರಿಗೆ ಹೋಗಲಿಲ್ಲ. ಡಿಸ್ಕ್‌ಗಳಿಗೂ ಇಂಥ ಕೋಡ್‌ಗಳಿವೆ, ಆದರೆ ಒಂದಲ್ಲ, ಹಲವು ಬಗೆ. ಯಾವುದು ಯಾವುದಕ್ಕೆ ಅಂಟಿಕೊಂಡಿದೆ ಎಂದು ತಿಳಿಯದೆ ಬಳಸಿದರೆ ಮತ್ತೆ ಎಡವಟ್ಟು.

ಮೊದಲನೆಯದು ಯಂತ್ರಾಂಶದ ಗುರುತು, ‘ಡಬ್ಲ್ಯುಡಬ್ಲ್ಯುಐಡಿ’. ಇದನ್ನು ಡಿಸ್ಕ್ ಅಥವಾ ಸ್ಟೋರೇಜ್ ಪೆಟ್ಟಿಗೆ ತಾನೇ ಹೇಳುತ್ತದೆ. ಎಷ್ಟು ಸಲ ಫಾರ್ಮ್ಯಾಟ್ ಮಾಡಿದರೂ ಬದಲಾಗದು, ಯಾವ ಸರ್ವರ್ ಕೇಳಿದರೂ ಒಂದೇ ಉತ್ತರ. ಮಲ್ಟಿಪಾತ್ ನಂಬುವುದು ಇದನ್ನೇ. ಹೊಸ ಖಾಲಿ ಡಿಸ್ಕನ್ನು ಗುರುತಿಸಲು ಇರುವ ವಿಶ್ವಾಸಾರ್ಹ ದಾರಿಯೂ ಇದೊಂದೇ, ಏಕೆಂದರೆ ಖಾಲಿ ಡಿಸ್ಕಿನೊಳಗೆ ಬೇರೆ ಯಾವ ಗುರುತೂ ಇನ್ನೂ ಬರೆದಿರುವುದಿಲ್ಲ. ವರ್ಚುವಲ್ ಯಂತ್ರಗಳಲ್ಲಿ ಒಂದು ಕೊರತೆ ಇದೆ: ಡಿಸ್ಕಿನ ಸರಣಿ ಸಂಖ್ಯೆಯನ್ನು ಒಳಗಿನ ಲಿನಕ್ಸಿಗೆ ತೋರಿಸು ಎಂದು ಹೊರಗಿನ ವ್ಯವಸ್ಥೆಗೆ ಹೇಳದಿದ್ದರೆ ಈ ಗುರುತು ಕಾಣದೆಯೇ ಹೋಗಬಹುದು.

ಎರಡನೆಯದು ‘ಯುಯುಐಡಿ’. ಫಾರ್ಮ್ಯಾಟ್ ಮಾಡುವಾಗ ಹುಟ್ಟಿ, ಡಿಸ್ಕಿನ ಮೇಲೆಯೇ ಬರೆಯಲ್ಪಡುವ 128 ಬಿಟ್‌ಗಳ ಸಂಖ್ಯೆ. ಅಡ್ಡಗೆರೆ ಸೇರಿ 36 ಅಕ್ಷರ ಉದ್ದ. ಇದು ಲೋಹದ ಡಿಸ್ಕಿನ ಗುರುತಲ್ಲ, ಅದರ ಮೇಲಿರುವ ಫೈಲ್ ಸಿಸ್ಟಮ್‌ನ ಗುರುತು. ಮತ್ತೆ ಫಾರ್ಮ್ಯಾಟ್ ಮಾಡಿದರೆ ಹೊಸ ಸಂಖ್ಯೆ ಬರುತ್ತದೆ.

ಮೂರನೆಯದು ‘ಲೇಬಲ್’, ನಾವೇ ಇಡುವ ಹೆಸರು. ಓದಲು ಸುಲಭ, ಆದರೆ ಎಲ್ಲರೂ ‘ಡೇಟಾ’ ಎಂದೇ ಇಡುವುದರಿಂದ, ಹಳೆಯ ಸರ್ವರ್‌ನ ಡಿಸ್ಕ್ ತಂದು ಚುಚ್ಚಿದ ದಿನ ಒಂದೇ ಹೆಸರಿನವರು ಇಬ್ಬರಾಗುತ್ತಾರೆ. ಕನ್ನಡದಲ್ಲಿ ಲೇಬಲ್ ಇಡಬಹುದೇ ಎಂದು ಕೇಳಿದರೆ, ಇಡಬಹುದು, ಜಾಗ ಸಾಲದು. ಈಎಕ್ಸ್‌ಟಿ4 ಲೇಬಲ್‌ಗೆ ಕೊಡುವುದು 16 ಬೈಟ್, ಎಕ್ಸ್‌ಎಫ್‌ಎಸ್ 12. ಯೂನಿಕೋಡ್‌ನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ, ಗುಣಿತಕ್ಕೂ, ಅರ್ಧಾಕ್ಷರದ ಗುರುತಿಗೂ ಮೂರು ಮೂರು ಬೈಟ್ ಬೇಕು. ‘ಗದಗ’ಕ್ಕೆ 9 ಸಾಕು. ‘ಮುಂಡರಗಿ’ಗೆ 21, ‘ಶಿರಹಟ್ಟಿ’ಗೆ 24, ‘ಲಕ್ಷ್ಮೇಶ್ವರ’ಕ್ಕೆ 33. ನಮ್ಮ ಊರುಗಳ ಪೈಕಿ ಎರಡರಲ್ಲೂ ಹಿಡಿಸುವುದು ಗದಗ ಮಾತ್ರ!

ನಾಲ್ಕನೆಯದು ದಾರಿಯ ಗುರುತು: ಇಂಥ ಕಾರ್ಡ್, ಇಂಥ ಪೋರ್ಟ್, ಇಷ್ಟನೇ ಸ್ಥಾನ. ಇದು ವಿಳಾಸ ಇದ್ದಂತೆ. ಲಕ್ಷ್ಮೇಶ್ವರದ ಮನೆಗಳ ವಿಳಾಸದಲ್ಲಿ ಹಿಂದೆ ಶಿರಹಟ್ಟಿ ತಾಲೂಕು ಎಂದಿರುತ್ತಿತ್ತು. 2017ರ ಬಜೆಟ್‌ನಲ್ಲಿ ಘೋಷಣೆಯಾದ ಹೊಸ ತಾಲೂಕುಗಳಲ್ಲಿ ಲಕ್ಷ್ಮೇಶ್ವರವೂ ಸೇರಿ ಆ ಸಾಲು ಬದಲಾಯಿತು. ಮನೆ ಇದ್ದಲ್ಲೇ ಇದೆ. ಹಾಗೆಯೇ ಕೇಬಲ್ ಬೇರೆ ಪೋರ್ಟಿಗೆ ಹೋದರೆ ದಾರಿಯ ಗುರುತು ಬದಲಾಗುತ್ತದೆ, ಡಿಸ್ಕ್ ಅದೇ ಇರುತ್ತದೆ.

ಈ ಎಲ್ಲ ಗುರುತುಗಳನ್ನೂ ‘ಯುಡೆವ್’ ಎಂಬ ವ್ಯವಸ್ಥೆ, ಯಂತ್ರ ಶುರುವಾದಾಗಲೆಲ್ಲ ಡಿಸ್ಕ್‌ಗಳಿಂದ ಕೇಳಿ ತಿಳಿದು, ಬೇರೆಬೇರೆ ಫೋಲ್ಡರ್‌ಗಳಲ್ಲಿ ಕೊಂಡಿಗಳಾಗಿ ಇಡುತ್ತದೆ. ಎಸ್‌ಡಿಬಿ ಎಂಬ ಚೀಟಿ ಯಾರ ಕೈಗೆ ಹೋದರೂ ಕೊಂಡಿ ಸರಿಯಾದ ಡಿಸ್ಕಿಗೇ ತೋರಿಸುತ್ತದೆ.

‘ಯುಯುಐಡಿ ಹಾಕಿದರೆ ಮುಗೀತು’ ಎಂಬ ಅರ್ಧಸತ್ಯ

ಸಲಹೆ ಕೇಳಿದರೆ ಹೆಚ್ಚಿನವರು ಹೇಳುವುದು ಇದನ್ನೇ. ಒಂದು ಯಂತ್ರಕ್ಕೆ ಒಳ್ಳೆಯ ಸಲಹೆ. ಹಂಚಿಕೊಂಡ ಸ್ಟೋರೇಜ್‌ಗೆ ಸಾಲದು.

ಯುಯುಐಡಿ ಡಿಸ್ಕಿನ ಮೇಲೆ ಬರೆದ ಅಕ್ಷರ. ಡಿಸ್ಕನ್ನು ಹಾಗೆಯೇ ನಕಲು ಮಾಡಿದರೆ ಅದೂ ನಕಲಾಗುತ್ತದೆ. ಇಂದಿನ ಸ್ಟೋರೇಜ್ ಪೆಟ್ಟಿಗೆಗಳಲ್ಲಿ ಬ್ಯಾಕಪ್‌ಗೆಂದು ಸ್ನ್ಯಾಪ್‌ಶಾಟ್ ತೆಗೆದು ಅದನ್ನು ಅದೇ ಸರ್ವರ್‌ಗೆ ತೋರಿಸುವುದು ದಿನದ ರೂಢಿ. ಆಗ ಒಂದೇ ಯುಯುಐಡಿಯ ಎರಡು ಡಿಸ್ಕ್ ಕಾಣುತ್ತವೆ: ಒಂದು ಇವತ್ತಿನದು, ಒಂದು ನಿನ್ನೆ ರಾತ್ರಿಯದು. ಮೂಲ ಮೌಂಟ್ ಆಗಿರುವಾಗ ನಕಲನ್ನೂ ಮೌಂಟ್ ಮಾಡಲು ಹೋದರೆ ಎಕ್ಸ್‌ಎಫ್‌ಎಸ್ ‘ಇದೇ ಸಂಖ್ಯೆ ಆಗಲೇ ಇದೆ’ ಎಂದು ನಿರಾಕರಿಸುತ್ತದೆ. ಆದರೆ ಯಂತ್ರ ಹೊಸದಾಗಿ ಶುರುವಾಗುವಾಗ ಯಾವುದೂ ಮೌಂಟ್ ಆಗಿರುವುದಿಲ್ಲ. ನಿನ್ನೆಯದನ್ನೇ ಅಸಲಿ ಎಂದು ಜೋಡಿಸಿಕೊಂಡರೆ ತಡೆಯುವವರಿಲ್ಲ. ವೈದ್ಯರಿಗೆ ಇವತ್ತಿನ ಎಕ್ಸ್‌ರೇ ಕಾಣುವುದಿಲ್ಲ, ತಪ್ಪಿನ ಸಂದೇಶವೂ ಬರುವುದಿಲ್ಲ. ಸ್ನ್ಯಾಪ್‌ಶಾಟ್‌ಗೂ ಮೂಲಕ್ಕೂ ಬೇರೆಬೇರೆ ಇರುವುದು ಪೆಟ್ಟಿಗೆ ಕೊಡುವ ಡಬ್ಲ್ಯುಡಬ್ಲ್ಯುಐಡಿ. ಆದ್ದರಿಂದ ಹಂಚಿಕೊಂಡ ಡಿಸ್ಕಿಗೆ ಅದರ ಮೇಲೆ ನಿಂತ ಮಲ್ಟಿಪಾತ್ ಅಡ್ಡಹೆಸರು ಹೆಚ್ಚು ಭದ್ರ ಎಂಬುದು ನನ್ನ ಅಭಿಪ್ರಾಯ. ಇನ್ನೊಂದು ಮಾತು: ನಾಲ್ಕು ದಾರಿಯಲ್ಲೂ ಕಾಣುವುದು ಅದೇ ಯುಯುಐಡಿ. ಮಲ್ಟಿಪಾತ್ ಸಿದ್ಧವಾಗುವ ಮೊದಲೇ ಮೌಂಟ್ ನಡೆದರೆ ಯಾವುದೋ ಒಂದೇ ದಾರಿಗೆ ಕಟ್ಟುಬಿದ್ದು, ಆ ಕೇಬಲ್ ಕಿತ್ತ ದಿನ ಉಳಿದ ಮೂರು ಇದ್ದೂ ಇಲ್ಲದಂತಾಗುತ್ತದೆ.

ಸರಿಯಾದ ಡಿಸ್ಕ್ ಸಿಕ್ಕರೂ ಸಾಲದು

ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ದೇಶದ ಮೊದಲ ಸಹಕಾರ ಸಂಘ ಎಂದು ಹೆಸರಾದ ಸಂಸ್ಥೆ ಹುಟ್ಟಿತು. ಹಲವರ ಹಣ ಒಂದೇ ಪೆಟ್ಟಿಗೆಯಲ್ಲಿರುವಾಗ ಯಾರು ಎಷ್ಟು ತೆಗೆದರು ಎಂಬ ಒಂದೇ ಖಾತೆ ಪುಸ್ತಕ ಬೇಕು. ಪ್ರತಿಯೊಬ್ಬರೂ ಮನೆಯಲ್ಲಿ ತಮ್ಮ ತಮ್ಮ ಲೆಕ್ಕ ಬರೆದುಕೊಂಡರೆ ಪೆಟ್ಟಿಗೆ ಉಳಿಯದು. ಈಎಕ್ಸ್‌ಟಿ4, ಎಕ್ಸ್‌ಎಫ್‌ಎಸ್‌ನಂಥ ಸಾಮಾನ್ಯ ಫೈಲ್ ಸಿಸ್ಟಮ್‌ಗಳು ಮನೆಯ ಲೆಕ್ಕ ಬರೆಯುವಂಥವು. ಡಿಸ್ಕಿಗೆ ತಾನೊಬ್ಬನೇ ಯಜಮಾನ ಎಂದು ತಿಳಿದು ಪ್ರತಿ ಸರ್ವರ್ ಅರ್ಧ ಲೆಕ್ಕವನ್ನು ತನ್ನ ಮೆಮೊರಿಯಲ್ಲೇ ಇಟ್ಟುಕೊಳ್ಳುತ್ತದೆ. ಒಂದೇ ಈಎಕ್ಸ್‌ಟಿ4 ಡಿಸ್ಕನ್ನು ಎರಡು ಸರ್ವರ್‌ಗಳಲ್ಲಿ ಏಕಕಾಲಕ್ಕೆ ಮೌಂಟ್ ಮಾಡಿದರೆ ಹೆಸರು, ಯುಯುಐಡಿ ಎಲ್ಲ ಸರಿಯಿದ್ದರೂ ಮಾಹಿತಿ ಚಿಂದಿಯಾಗುತ್ತದೆ.

ಇದಕ್ಕೆಂದೇ ಇರುವವು ಕ್ಲಸ್ಟರ್ ಫೈಲ್ ಸಿಸ್ಟಮ್‌ಗಳು. ಒರೇಕಲ್ ಕಂಪನಿಯ ಓಸಿಎಫ್‌ಎಸ್2, ರೆಡ್ ಹ್ಯಾಟ್‌ನ ಜಿಎಫ್‌ಎಸ್2 ಎರಡೂ 2006ರಲ್ಲಿ ಲಿನಕ್ಸ್ ಕರ್ನಲ್ ಸೇರಿದವು. ಇವುಗಳಲ್ಲಿ ಒಂದು ಸರ್ವರ್ ಬರೆಯುವ ಮೊದಲು ಉಳಿದವುಗಳಿಗೆ ತಿಳಿಸಿ ಬೀಗ ಹಾಕಿಕೊಳ್ಳುತ್ತದೆ. ಜಿಎಫ್‌ಎಸ್2 ಇನ್ನೊಂದು ಹೆಜ್ಜೆ ಮುಂದೆ ಹೋಗಿ ಕ್ಲಸ್ಟರಿನ ಹೆಸರನ್ನೂ ಡಿಸ್ಕಿನ ಮೇಲೆ ಬರೆದಿಡುತ್ತದೆ. ಬೇರೆ ಕ್ಲಸ್ಟರಿನ ಸರ್ವರ್ ಬಂದು ಕೇಳಿದರೆ ಮೌಂಟ್ ಆಗಲು ಒಪ್ಪುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಬಂದ 3.3 ಪೆಟಾಫ್ಲಾಪ್‌ನ ಪರಮ್ ಪ್ರವೇಗದಂಥ ಸೂಪರ್‌ಕಂಪ್ಯೂಟರ್‌ಗಳ ದಾರಿ ಬೇರೆ. ಅಲ್ಲಿ ನೂರಾರು ಯಂತ್ರಗಳು ಡಿಸ್ಕನ್ನು ನೇರವಾಗಿ ಮುಟ್ಟುವುದಿಲ್ಲ, ಸ್ಟೋರೇಜ್ ಕೆಲಸಕ್ಕೇ ಮೀಸಲಾದ ಸರ್ವರ್‌ಗಳನ್ನು ಕೇಳುತ್ತವೆ.

ಖಾಲಿ ಫೋಲ್ಡರಿನ ಮೋಸ

ಓಸಿಎಫ್‌ಎಸ್2 ಮೌಂಟ್ ಆಗಬೇಕಾದರೆ ಮೊದಲು ನೆಟ್‌ವರ್ಕ್ ಏಳಬೇಕು, ಆಮೇಲೆ ಕ್ಲಸ್ಟರ್ ಸೇವೆ, ಮಲ್ಟಿಪಾತ್ ಸಿದ್ಧವಿರಬೇಕು, ಕೊನೆಗೆ ಮೌಂಟ್. ಎಫ್‌ಎಸ್‌ಟ್ಯಾಬ್‌ನಲ್ಲಿ ‘ನೆಟ್‌ಡೆವ್’ ಎಂಬ ಆಯ್ಕೆ ಹಾಕಿದರೆ ನೆಟ್‌ವರ್ಕ್ ಬರುವ ತನಕ ಕಾಯುತ್ತದೆ. ಡಿಸ್ಕ್ ಸಿಗದೇ ಹೋದರೆ ಈಗಿನ ಲಿನಕ್ಸ್‌ಗಳು ಸಾಮಾನ್ಯವಾಗಿ 90 ಸೆಕೆಂಡ್ ಕಾದು, ತುರ್ತು ಸ್ಥಿತಿಗೆ ಹೋಗಿ ನಿಲ್ಲುತ್ತವೆ. ರಾತ್ರಿ ಎರಡು ಗಂಟೆಗೆ ಫೋನ್ ಬಂದು ಬೇಸತ್ತವರು ‘ನೋಫೇಲ್’ ಎಂಬ ಇನ್ನೊಂದು ಆಯ್ಕೆ ಸೇರಿಸುತ್ತಾರೆ: ಡಿಸ್ಕ್ ಸಿಗದಿದ್ದರೂ ಪರವಾಗಿಲ್ಲ, ನೀನು ಶುರುವಾಗು.

ಯಂತ್ರವೇನೋ ಶುರುವಾಗುತ್ತದೆ. ಆದರೆ ಮೌಂಟ್ ಆಗದ ಫೋಲ್ಡರ್ ಕೂಡ ಒಂದು ಫೋಲ್ಡರೇ. ಎಕ್ಸ್‌ರೇ ತಂತ್ರಾಂಶಕ್ಕೆ ಅದು ಖಾಲಿಯಾಗಿ ಕಾಣುತ್ತದೆ. ಶಿರಹಟ್ಟಿಯಿಂದ ಬಂದ ಹೊಸ ಚಿತ್ರಗಳನ್ನು ಅದರಲ್ಲೇ ಬರೆಯುತ್ತ ಹೋಗುತ್ತದೆ. ಅವು ಹೋಗುವುದು ಹಂಚಿಕೊಂಡ ಪೆಟ್ಟಿಗೆಗಲ್ಲ, ಆ ಸರ್ವರ್‌ನ ಸ್ವಂತ ಡಿಸ್ಕಿಗೆ. ಬೆಳಿಗ್ಗೆ ಯಾರೋ ಬಂದು ಸರಿಯಾದ ಡಿಸ್ಕನ್ನು ಮೌಂಟ್ ಮಾಡಿದ ಕೂಡಲೇ ಹಳೆಯ ಚಿತ್ರಗಳೆಲ್ಲ ಮರಳಿ ಬರುತ್ತವೆ, ರಾತ್ರಿಯವು ಮಾಯವಾಗುತ್ತವೆ. ಅಳಿದಿರುವುದಿಲ್ಲ, ಮೌಂಟ್‌ನ ಅಡಿಯಲ್ಲಿ ಮುಚ್ಚಿಹೋಗಿರುತ್ತವೆ. ಮೌಂಟ್ ಬಿಚ್ಚಿ ನೋಡಬೇಕೆಂದು ಹೊಳೆಯದಿದ್ದರೆ ರೋಗಿಯನ್ನು ಮತ್ತೆ ಕರೆಸಿ ಮತ್ತೆ ಎಕ್ಸ್‌ರೇ ತೆಗೆಯುತ್ತಾರೆ.

ಇದನ್ನು ತಡೆಯಲು ಎರಡು ಕೆಲಸ ಮಾಡಬಹುದು. ಮೌಂಟ್ ಆಗಿದ್ದರೆ ಮಾತ್ರ ತಂತ್ರಾಂಶ ಶುರುವಾಗಬೇಕು ಎಂದು ಸಿಸ್ಟಮ್‌ಡಿಗೆ ನಿಯಮ ಬರೆಯುವುದು ಒಂದು. ಮೌಂಟ್ ಆಗುವ ಮೊದಲೇ ಆ ಖಾಲಿ ಫೋಲ್ಡರನ್ನು ಯಾರೂ ಬರೆಯಲಾಗದಂತೆ ಬೀಗ ಹಾಕಿಡುವುದು ಇನ್ನೊಂದು. ಡಿಸ್ಕ್ ಜೋಡಣೆಯಾದ ಮೇಲೆ ಆ ಬೀಗ ಅಡ್ಡ ಬರುವುದಿಲ್ಲ. ಎರಡನ್ನೂ ಮಾಡುವುದು ಒಳ್ಳೆಯದು, ಹತ್ತು ನಿಮಿಷದ ಕೆಲಸ.

ಇದೆಲ್ಲ ಸರಿಯಾಗಿದೆಯೇ ಎಂದು ತಿಳಿಯಲು ಕಾಗದದ ಮೇಲಿನ ಪರಿಶೀಲನೆಗಿಂತ ಒಂದು ಭಾನುವಾರದ ಪರೀಕ್ಷೆ ಮೇಲು. ಬ್ಯಾಕಪ್ ಇದೆಯೆಂದು ಖಚಿತ ಮಾಡಿಕೊಂಡು, ಎರಡೂ ಸರ್ವರ್‌ಗಳನ್ನು ಬೇರೆಬೇರೆ ಕ್ರಮದಲ್ಲಿ ಆರಿಸಿ ಹಚ್ಚಿ ನೋಡಿ. ಒಂದೊಂದೇ ಕೇಬಲ್ ಕಿತ್ತು ನೋಡಿ. ಸ್ಟೋರೇಜ್ ಪೆಟ್ಟಿಗೆಯನ್ನು ಕೊನೆಗೆ ಆನ್ ಮಾಡಿದರೆ ಏನಾಗುತ್ತದೆ ನೋಡಿ. ಪ್ರತಿ ಸಲವೂ ಎರಡೂ ಸರ್ವರ್‌ಗಳಲ್ಲಿ ಆ ಫೋಲ್ಡರ್‌ಗೆ ಜೋಡಣೆಯಾದ ಡಿಸ್ಕಿನ ಡಬ್ಲ್ಯುಡಬ್ಲ್ಯುಐಡಿ ಒಂದೇ ಇದೆಯೇ ಎಂದು ಹೋಲಿಸಿ. ಆ ಸಂಖ್ಯೆಯ ಕೊನೆಯ ಆರು ಅಕ್ಷರಗಳನ್ನು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಮುಂದೆ ಅಂಟಿಸಿಟ್ಟರೆ, ಫಾರ್ಮ್ಯಾಟ್ ಆಜ್ಞೆ ಒತ್ತುವ ಮುನ್ನ ತಲೆ ಎತ್ತಿ ನೋಡಲು ಆಗುತ್ತದೆ.